ಯಾಕಮ್ಮಾ ಇಂಗೆ ಬಡವಾಗಿದ್ದೀಯ?

ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಕೈವಾರ ಕ್ರಾಸ್ ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗಿ ಹಬ್ಬಕ್ಕೆಂದು ಅಲ್ಲಿ ಬಸ್ಸಿಳಿದರೆ, ಯಾವಾಗ ಬಂದೆ ಎಂದು ಕೇಳುವ ಮೊದಲೇ ಯಾರಾದರೂ ಹಿರಿಯಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕಮ್ಮಾ ಇಂಗೆ ಬಡವಾಗಿದ್ದೀಯ?" ಎನ್ನುತ್ತಾಳೆ. ಮನೆಮಾತು ತೆಲುಗಾದರೆ "ಏಮ್ಮಾ, ಇಂತ ಚಿಕ್ಕಿಪೋಯಿನಾವು?" ಎಂದಾಗುತ್ತದೆ. ಎರಡೂ ನುಡಿಗಳು ಒಂದೇ ಜಗಲಿಯ ಮೇಲೆ ಕೂರುವ ಸೀಮೆಯಿದು. ಹುಡುಗಿ ತಾನು ಸೊರಗಿಲ್ಲ, ಮೂರು ತಿಂಗಳಿಂದ ಒಂದು ಕಿಲೋ ಏರಿದ್ದೇನೆ ಎಂದು ಹೇಳಿ ಪ್ರಯೋಜನವಿಲ್ಲ. "ಏನಿಲ್ಲ ಅತ್ತೆ, ಬಿಸಿಲು ನೋಡಿ, ಓಡಾಟ ಜಾಸ್ತಿ" ಎನ್ನಬೇಕು. ಅದಕ್ಕೆ ಮರುಮಾತಾಗಿ "ಮನೆ ಕಡೆ ಬಾ, ಒಂದು ತುತ್ತು ಉಂಡು ಹೋಗುವಂತೆ" ಎಂಬುದು ಬರಬೇಕು. ಹೀಗೆ ಮೂರು ಮಾತಿನಲ್ಲಿ ಮುಗಿಯುವ ಈ ಮರ್ಯಾದೆಗೆ ಬಹಳ ಹಳೆಯ ಚರಿತ್ರೆಯಿದೆ. ಅದರ ಮೊದಲ ಸುಳಿವು 'ಬಡವಾಗು' ಎಂಬ ಪದದಲ್ಲೇ ಇದೆ.

1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟನ್ನು ತೆರೆದರೆ 'ಬಡ' ಎಂಬ ನುಡಿಗೆ ತೆಳುವಾಗಿರುವುದು, ಶಕ್ತಿಗುಂದಿರುವುದು, ಇಲ್ಲದಿರುವುದು ಎಂಬ ಅರ್ಥಗಳು ಒಟ್ಟಿಗೇ ಸಿಗುತ್ತವೆ. ಕೈಯಲ್ಲಿ ಕಾಸಿಲ್ಲದವನು ಬಡವ. ಮೈಯಲ್ಲಿ ಮಾಂಸ ಇಳಿದವನು 'ಬಡವಾದವನು'. ಹಳಗನ್ನಡದ ಕವಿಗಳು ಹೆಣ್ಣಿನ ತೆಳು ಸೊಂಟವನ್ನು 'ಬಡನಡು' ಎಂದು ಕೊಂಡಾಡಿದರು. ಅರಮನೆಯ ಕಾವ್ಯದಲ್ಲಿ ಚೆಲುವಾದದ್ದು ರಾಗಿ ಹೊಲದ ಬದುವಿಗೆ ಬರುವಷ್ಟರಲ್ಲಿ ಹಸಿವಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಾತು ಉಳಿಸಿಕೊಂಡದ್ದು ಈ ಎರಡನೆಯ ಅರ್ಥವನ್ನು. ಇಲ್ಲಿ 'ಬಡವಾಗಿದ್ದೀಯ' ಎಂಬುದು ರೂಪದ ವಿಮರ್ಶೆಯಾಗಿ ಹುಟ್ಟಲಿಲ್ಲ. ಮನೆಯಲ್ಲಿ ಹಿಟ್ಟಿದೆಯೇ, ಯಾರಾದರೂ ನೋಯಿಸಿದರೇ, ರೋಗವೇನಾದರೂ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಒಂದರೊಳಗೆ ಮಡಿಸಿಟ್ಟ ಮಾತು ಅದು.

ಇದೇ ಜನ ಇಲ್ಲದಿರುವುದನ್ನು ಬಾಯಿಬಿಟ್ಟು ಹೇಳಲು ಅಂಜುವವರು ಎಂಬುದನ್ನೂ ನೆನೆಯಬೇಕು. ಡಬ್ಬದಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ' ಎನ್ನುತ್ತಾರೆ. ದೀಪ ಆರಿಸು ಎನ್ನದೆ 'ದೊಡ್ಡದು ಮಾಡು' ಎನ್ನುತ್ತಾರೆ. ಹೊರಟವರು 'ಹೋಗ್ತೀನಿ' ಎನ್ನದೆ 'ಬರ್ತೀನಿ' ಎನ್ನುತ್ತಾರೆ. ಇಷ್ಟು ಹುಷಾರಿನ ನಾಲಗೆ ಮೈ ಇಳಿದದ್ದನ್ನು ಮಾತ್ರ ನಡುಬೀದಿಯಲ್ಲಿ, ಎಲ್ಲರೆದುರು ಸಾರುತ್ತದೆ. ಮೈ ತುಂಬಿದ್ದನ್ನು ಕಂಡರೆ ಅದೇ ನಾಲಗೆ ಕಟ್ಟಿಕೊಳ್ಳುತ್ತದೆ. ಇಳಿದದ್ದನ್ನು ಹೇಳಬೇಕು, ಏರಿದ್ದನ್ನು ಮುಚ್ಚಬೇಕು: ಹಳೆಯ ಕಟ್ಟಳೆ ಇಷ್ಟೇ.

*

ಕೈವಾರದಲ್ಲಿ ಮೈಯ ಮಾತು ಎತ್ತಿದರೆ ಭೀಮನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಹಾಭಾರತದ ಏಕಚಕ್ರಪುರ ತಮ್ಮೂರೇ ಎಂಬುದು ಇಲ್ಲಿನವರ ನಂಬಿಕೆ. ಪಕ್ಕದ ಬೆಟ್ಟ ಬಕಾಸುರನದು, ಭೀಮಲಿಂಗೇಶ್ವರನ ಗುಡಿಯ ಲಿಂಗ ಭೀಮನೇ ಸ್ಥಾಪಿಸಿದ್ದು. ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿಯೂ, ದೂರದ ಬಂಗಾಳದ ಬೀರಭೂಮಿಯ ಒಂದು ಊರೂ ಇದೇ ಹೆಸರಿಗೆ ಹಕ್ಕು ಹೂಡಿವೆ. ಆದರೂ ಕೈವಾರದಲ್ಲಿ ನಿಂತು ಆ ಬೋಳುಬಂಡೆಯ ಬೆಟ್ಟ ನೋಡಿದವರಿಗೆ ಗಾಡಿ ತುಂಬ ಅನ್ನದ ಕಥೆ ಇಲ್ಲಿಯದೇ ಅನ್ನಿಸುತ್ತದೆ.

ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಏಕಚಕ್ರಪುರದ ಬ್ರಾಹ್ಮಣನ ಮನೆಯಲ್ಲಿ ವೇಷ ಮರೆಸಿ ಉಳಿಯುತ್ತಾರೆ. ತಿರಿದು ತಂದ ಅನ್ನವನ್ನು ಕುಂತಿ ಎರಡು ಪಾಲು ಮಾಡುತ್ತಾಳೆ. ಅರ್ಧ ಭೀಮನಿಗೆ, ಉಳಿದರ್ಧ ಮಿಕ್ಕವರಿಗೆಲ್ಲ. ಯಾರೂ ಚಕಾರವೆತ್ತುವುದಿಲ್ಲ. ಮೈಗೆ ತಕ್ಕ ಹಸಿವು, ಹಸಿವಿಗೆ ತಕ್ಕ ಪಾಲು ಎಂಬ ಲೆಕ್ಕ ಆ ಮನೆಯಲ್ಲಿ ಮಾತಿಲ್ಲದೆ ನಡೆಯುತ್ತದೆ. ಬಕನಿಗೆ ಗಾಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ ಸಲ್ಲಬೇಕಾದ ಸರದಿ ಬ್ರಾಹ್ಮಣನ ಮನೆಗೆ ಬಂದಾಗ ಆ ಹೊಟ್ಟೆಯೇ ಊರನ್ನು ಕಾಯುತ್ತದೆ. ರಾಕ್ಷಸ ನೋಡುತ್ತಿರುವಂತೆಯೇ ಭೀಮ ಅಷ್ಟೂ ಅನ್ನ ಉಂಡು ಮುಗಿಸುತ್ತಾನೆ. ಗದುಗಿನ ಕುಮಾರವ್ಯಾಸ ಈ ಪ್ರಸಂಗವನ್ನು ಕನ್ನಡದ ಕಿವಿಗೆ ಮನೆಮಾತಾಗಿಸಿದ.

ಆ ಹೊಟ್ಟೆಯನ್ನು ಹೀಗಳೆದವನು ಕರ್ಣ. ದ್ರೋಣಪರ್ವದ ಯುದ್ಧದಲ್ಲಿ ಅವನು ಭೀಮನನ್ನು ಸೋಲಿಸಿದರೂ, ಕುಂತಿಗೆ ಕೊಟ್ಟ ಮಾತಿಗಾಗಿ ಕೊಲ್ಲದೆ ಬಿಡುತ್ತಾನೆ. ಬಿಡುವಾಗ ಬಿಲ್ಲಿನ ತುದಿಯಿಂದ ಮುಟ್ಟಿ ಹೊಟ್ಟೆಬಾಕ, ಗಡ್ಡವಿಲ್ಲದವ, ಅಡುಗೆಮನೆಗೆ ಹೋಗು ಎಂದು ಮತ್ತೆ ಮತ್ತೆ ಮೂದಲಿಸುತ್ತಾನೆ. ಬಾಣದ ಗಾಯವನ್ನು ಲೆಕ್ಕಿಸದ ಭೀಮ ಈ ಮಾತನ್ನು ಮಾತ್ರ ಅರ್ಜುನನ ಬಳಿ ಹೇಳಿಕೊಂಡು ನೋಯುತ್ತಾನೆ. 'ತೂಬರಕ', ಅಂದರೆ ಗಡ್ಡವಿಲ್ಲದವ, ಎಂದು ತನ್ನ ಮೈಯನ್ನು ಹಂಗಿಸಿದವರನ್ನು ಕೊಲ್ಲುವುದಾಗಿ ಭೀಮನ ಪ್ರತಿಜ್ಞೆಯಿತ್ತು ಎಂದು ಕರ್ಣಪರ್ವದಲ್ಲಿ ಬರುತ್ತದೆ. ಜಗಜಟ್ಟಿಗೂ ಮೈಯ ಬಗೆಗಿನ ಮಾತು ತಡೆಯಲಾಗದ ಏಟು ಎಂಬುದು ವ್ಯಾಸರಿಗೆ ಗೊತ್ತಿತ್ತು. ಭೀಮನ ಗುಡಿಯಿರುವ ಊರಿನ ಮಕ್ಕಳಿಗೆ ಬಕನ ಕಥೆಯ ಜೊತೆಗೆ ಇದನ್ನೂ ಹೇಳಿಕೊಡುವುದು ಒಳ್ಳೆಯದು.

ಎಲ್ಲ ಮನೆಗಳಿಗೂ ಗೊತ್ತಿರುವ ಇನ್ನೊಂದು ಕಥೆ ಚೌತಿಯದು. ಕಡುಬು, ಮೋದಕ ತಿಂದು ಬಿರಿದ ಹೊಟ್ಟೆಗೆ ಹಾವು ಸುತ್ತಿಕೊಂಡ ಗಣಪನನ್ನು ಕಂಡು ಚಂದ್ರ ನಕ್ಕ. ನಕ್ಕವನಿಗೆ ಶಾಪ ಸಿಕ್ಕಿತು. ಭಾದ್ರಪದ ಶುದ್ಧ ಚೌತಿಯ ರಾತ್ರಿ ಅವನನ್ನು ನೋಡಿದವರಿಗೆ ಅಪವಾದ ತಪ್ಪದು. ಕೆಲವರು ಹೇಳುವ ಕಥೆಯಲ್ಲಿ, ಇನ್ನೊಬ್ಬರ ಮೈಗೆ ನಕ್ಕವನು ತಾನೇ ಪಕ್ಷಕ್ಕೊಮ್ಮೆ ಸೊರಗಿ ಪಕ್ಷಕ್ಕೊಮ್ಮೆ ತುಂಬಿಕೊಳ್ಳುವ ಪಾಡಿಗೆ ಬಿದ್ದ. ಇವತ್ತಿಗೂ ಆ ಸಂಜೆ ಅಜ್ಜಿಯರು ಮೊಮ್ಮಕ್ಕಳ ಕಣ್ಣು ಮುಚ್ಚಿ ಅಂಗಳ ದಾಟಿಸುತ್ತಾರೆ.

*

ಕನ್ನಡದಲ್ಲಿ 'ಕೈವಾರ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಹಳೆಯ ಕಾವ್ಯಗಳಲ್ಲಿ ಕೈವಾರಿಸುವುದೆಂದರೆ ಹೊಗಳುವುದು. ಶಾಲೆಯ ಗಣಿತ ಪುಸ್ತಕದಲ್ಲಿ ಕೈವಾರವೆಂದರೆ ವೃತ್ತ ಎಳೆಯುವ, ಅಳತೆ ಹಿಡಿಯುವ ಸಾಧನ. ಊರಿನ ಹೆಸರು ಇವುಗಳಿಂದ ಬಂತು ಎನ್ನಲು ಆಧಾರ ಬೇಕು. ಆದರೂ ಹೊಗಳಿಕೆಯೂ ಅಳತೆಯೂ ಒಂದೇ ಪದದಲ್ಲಿ ಕೂಡಿರುವ ಊರಿನಲ್ಲಿ ಅತಿ ದೊಡ್ಡ ಹೆಸರು ಪಡೆದವರು ಒಬ್ಬ ಬಳೆಗಾರರು ಎಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ.

ಯೋಗಿ ನಾರೇಯಣ, ಜನರ ಬಾಯಲ್ಲಿ ಕೈವಾರ ತಾತಯ್ಯ, ಸಂಪ್ರದಾಯದ ಪ್ರಕಾರ 1726ರಲ್ಲಿ ಹುಟ್ಟಿ 1836ರವರೆಗೆ ಬಾಳಿದರು. ತೆಲುಗು, ಕನ್ನಡ ಎರಡರಲ್ಲೂ ತತ್ವಪದ ಹಾಡಿದರು, ಕಾಲಜ್ಞಾನ ಬರೆದರು. ಅದಕ್ಕೆ ಮೊದಲು ಅವರು ಮಲಾರ ಹೊತ್ತು ಊರೂರು ತಿರುಗಿ ಬಳೆ ತೊಡಿಸುತ್ತಿದ್ದರು. ತೊಡಿಸಿದ ಬಳೆಗೆ ಕಾಸು ಕೇಳದೆ ಬರಿಗೈಯಲ್ಲಿ ಬರುತ್ತಿದ್ದರಂತೆ. ಮನೆಯವರು ಬೇಸತ್ತರು. ಮುಂದೆ ಗುರು ಸಿಕ್ಕು, ಬೆಟ್ಟದ ಗುಹೆಯಲ್ಲಿ ತಪಸ್ಸಿಗೆ ಕೂತರು ಎಂಬ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು.

ಬಳೆಗಾರನ ಕಸುಬನ್ನು ಇಲ್ಲಿ ತುಸು ನಿಂತು ನೋಡಬೇಕು. ತಕ್ಕಡಿ ಮನುಷ್ಯರನ್ನು ತೂಗದಿದ್ದ ಕಾಲದಲ್ಲಿ ಹೆಂಗಸರ ಮೈಯ ಏರಿಳಿತವನ್ನು ಬಲ್ಲ ಹೊರಗಿನ ಗಂಡಸು ಅವನೊಬ್ಬನೇ. ಗಂಡನ ಮನೆಯಲ್ಲಿದ್ದ ಹೆಣ್ಣು ಪರಗಂಡಸಿಗೆ ಕೈ ಕೊಡುವುದು ಅವನಿಗೆ ಮಾತ್ರ. ಅವನು ಬೆರಳ ಗೆಣ್ಣುಗಳನ್ನು ಒತ್ತಿ, ಹಸ್ತವನ್ನು ಮಡಿಸಿ, ಬಳೆ ಒಡೆಯದಂತೆ ಏರಿಸುತ್ತಾನೆ. ಹೋದ ಸಲ ಬಿಗಿಯಾಗಿ ಕೂತದ್ದು ಈ ಸಲ ಮೊಣಕೈವರೆಗೆ ಜಾರಿದರೆ ಅವನಿಗೆ ಎಲ್ಲವೂ ತಿಳಿಯುತ್ತದೆ. ಆದರೂ ಅತ್ತೆಯ ಎದುರು ಅವನು ತುಟಿ ಬಿಚ್ಚುವುದಿಲ್ಲ. ಒಂದು ಅಳತೆ ಚಿಕ್ಕದನ್ನು ಮಲಾರದಿಂದ ತೆಗೆದು ತೊಡಿಸುತ್ತಾನೆ. ಮುಂದಿನ ಊರು ಅವಳ ತವರಾದರೆ ಅಲ್ಲಿ, ತಾಯಿ ನೀರು ಕೊಟ್ಟು ಕೇಳಿದಾಗ ಹೇಳುತ್ತಾನೆ. 'ಭಾಗ್ಯದ ಬಳೆಗಾರ' ಎಂದೇ ಹೆಸರಾದ ಜನಪದ ಗೀತೆಯಲ್ಲಿ ಹೆಣ್ಣು ಬಳೆಗಾರನನ್ನೇ ತನ್ನ ತವರಿಗೆ ಕಳಿಸುವುದು ಸುಮ್ಮನೆ ಅಲ್ಲ. ಅವಳ ಮಣಿಕಟ್ಟನ್ನು ಕಂಡವನೇ ಅವಳ ಸುಖದುಃಖದ ಸಾಕ್ಷಿ.

ಜಾರುವ ಬಳೆ ಕವಿಗಳಿಗೂ ಹಳೆಯ ಗುರುತು. ಕಾಳಿದಾಸನ ಮೇಘದೂತದ ಯಕ್ಷ ವಿರಹದಲ್ಲಿ ಕೃಶನಾಗಿ, ಅವನ ಚಿನ್ನದ ಕಡಗ ಕೈಯಿಂದ ಕಳಚಿ ಬಿದ್ದಿರುತ್ತದೆ. ತಮಿಳಿನ ಸಂಗಂ ಪದ್ಯಗಳಲ್ಲಿ ನಲ್ಲನನ್ನು ಅಗಲಿದ ಹೆಣ್ಣಿನ ಬಳೆಗಳು ಮತ್ತೆ ಮತ್ತೆ ಜಾರುತ್ತವೆ. ಮೈಯನ್ನು ನೇರವಾಗಿ ಹೇಳದೆ ಅದರ ಮೇಲಿನ ಒಡವೆಯನ್ನು ಹೇಳಿಸುವ ಈ ಜಾಣ್ಮೆ ಹಳ್ಳಿಗಳಲ್ಲೂ ಇತ್ತು. ಉಂಗುರಕ್ಕೆ ದಾರ ಸುತ್ತಿದ್ದರೆ ನೋಡಿದವರು ಅರ್ಥ ಮಾಡಿಕೊಳ್ಳುತ್ತಿದ್ದರು.

ಮಾತಿಗೂ ಜಾಗ, ಹೊತ್ತು, ಹಿರಿತನಗಳ ಕಟ್ಟು ಇತ್ತು. ಹಿರಿಯರು ಕಿರಿಯರಿಗೆ ಹೇಳಬಹುದು, ಕಿರಿಯರು ಹಿರಿಯರಿಗೆ ಹೇಳುವಂತಿಲ್ಲ. ಮಾವನ ಮೈ ಇಳಿದದ್ದನ್ನು ಸೊಸೆ ಕಂಡರೆ ಅತ್ತೆಯ ಕಿವಿಗೆ ಹಾಕಿ ಸುಮ್ಮನಾಗಬೇಕು. ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಬಂದ ಮಗಳಿಗೆ ಅಡುಗೆಮನೆಯಲ್ಲಿ "ಬಡವಾಗಿದ್ದೀಯ" ಎಂದರೆ ಅದು ಅಕ್ಕರೆ. ಅದೇ ಮಾತನ್ನು ಹಜಾರದಲ್ಲಿ, ಬೀಗರು ಎಲೆಯ ಮುಂದೆ ಕೂತಿರುವಾಗ ಅಂದರೆ ದೂರು. ನಮ್ಮ ಹುಡುಗಿಗೆ ನೀವು ಸರಿಯಾಗಿ ಹಾಕಲಿಲ್ಲ ಎಂಬ ಆಪಾದನೆ. ಅಂಥ ಒಂದು ಮಾತಿಗೆ ಮನೆ ಮನೆಗಳ ನಡುವೆ ವರ್ಷಗಟ್ಟಲೆ ಬಳಕೆ ನಿಂತದ್ದಿದೆ. ಹುಡುಗಿ ಸುಖವಾಗಿ ತುಂಬಿಕೊಂಡಿದ್ದರೆ ಅದನ್ನೂ ನೇರ ಹೇಳದೆ "ಆ ಊರ ನೀರು ಹಿಡಿಸಿದೆ" ಎನ್ನುತ್ತಿದ್ದರು. ಹೊಗಳಿಕೆ ಮೈಯನ್ನು ಬಿಟ್ಟು ಊರಿಗೂ ನೀರಿಗೂ ಸಲ್ಲುತ್ತಿತ್ತು. ಕೊಳವೆಬಾವಿಗಳು ಸಾವಿರ ಅಡಿ ದಾಟಿ, ನೀರಲ್ಲಿ ಫ್ಲೋರೈಡ್ ಏರಿ, ಹಲ್ಲು ಮೂಳೆಗಳಿಗೆ ಕುತ್ತಾದ ಇಂದಿನ ಕೋಲಾರ–ಚಿಕ್ಕಬಳ್ಳಾಪುರದಲ್ಲಿ ಆ ನುಡಿಗಟ್ಟು ಕೇಳಿದರೆ ಎದೆ ಭಾರವಾಗುತ್ತದೆ.

*

ಈ ಸೀಮೆಯ ಜನಕ್ಕೆ ಸೊರಗಿದ ಮೈ ಕಂಡರೆ ಅಷ್ಟೊಂದು ಗಾಬರಿ ಏಕೆ? ಉತ್ತರ 1876ರಲ್ಲಿದೆ.

ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಆ ಬರವನ್ನು ತೆಲುಗಿನವರು 'ಧಾತ ಕರುವು' ಎಂದೇ ಕರೆದರು. ವರ್ಷವಿಡೀ ಹರಿಯುವ ನದಿಗಳಿಲ್ಲದ, ಕೆರೆಗಳನ್ನೇ ನಂಬಿದ ಕೋಲಾರದ ಪ್ರಾಂತ್ಯ ಮೈಸೂರು ಸೀಮೆಯಲ್ಲಿ ಅತಿ ಹೆಚ್ಚು ನಲುಗಿದ ಭಾಗಗಳಲ್ಲಿ ಒಂದು. ರಾಗಿ ಹತ್ತಾರು ವರ್ಷ ಕೆಡದೆ ಉಳಿಯುವ ಧಾನ್ಯ. ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟರೆ ಒಂದು ಮಳೆಗಾಲ ಕೈಕೊಟ್ಟರೂ ಊರು ತಡೆದುಕೊಳ್ಳುತ್ತಿತ್ತು. ಆ ಸಲ ಒಂದರ ಮೇಲೊಂದು ಮಳೆ ತಪ್ಪಿ ಹಗೇವುಗಳ ತಳ ಕಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಸತ್ತವರು ಸುಮಾರು 10 ಲಕ್ಷ. ಐವರಿದ್ದ ಕಡೆ ನಾಲ್ವರು ಉಳಿದರು.

ಇದೇ ಕಾಲಕ್ಕೆ ಸರ್ಕಾರವೂ ಮೈಯನ್ನು ನೋಡಿ ಮಾತಾಡಲು ಕಲಿಯಿತು. ಮದನಪಲ್ಲಿ ಅಂದು ಮದ್ರಾಸ್ ಪ್ರೆಸಿಡೆನ್ಸಿಯ ಕಡಪ ಜಿಲ್ಲೆಗೆ ಸೇರಿತ್ತು, ಚಿಂತಾಮಣಿಯ ನೆರೆಯಲ್ಲೇ. ಆ ಪ್ರೆಸಿಡೆನ್ಸಿಯಲ್ಲಿ 1877ರ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ, ಮೇಲೆ ಒಂದಾಣೆ ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಪಟ್ಟು ಹಿಡಿದು ವಾದಿಸಿದರು. ತಿಂಗಳುಗಳ ಜಗಳದ ನಂತರ ಕೂಲಿ ಏರಿತು. ಮೈಸೂರಿಗೆ ಬರ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ ಮುಂದೆ ಬರದ ವರದಿ ಬರೆದ. ಹೂಪರ್ ಎಂಬ ಸೇನಾಧಿಕಾರಿ ಮದ್ರಾಸಿನ ಕಡೆ ತೆಗೆದ ಚಿತ್ರಗಳಲ್ಲಿ ಪಕ್ಕೆಲುಬು ಎಣಿಸಬಹುದಾದ ಮನುಷ್ಯರು ಸಾಲಾಗಿ ಕೂತಿದ್ದಾರೆ. ಆ ಚಿತ್ರಗಳನ್ನು ಒಮ್ಮೆ ನೋಡಿದವರು 'ಬಡವಾಗಿದ್ದೀಯ' ಎಂಬ ಮಾತನ್ನು ಹಗುರವಾಗಿ ಕೇಳಲಾರರು.

ಬರ ಉಂಡ ಊರಿನಲ್ಲಿ ಮೈ ಇಳಿದದ್ದನ್ನು ಬೇಗ ಗುರುತಿಸಿ ಕೂಗಿ ಹೇಳುವುದು ಬದುಕಿಗೆ ಬೇಕಾದ ಎಚ್ಚರ. ನಾಚಿಕೆಯಿಂದ ಒಲೆ ಹೊತ್ತಿಸದೆ ಬಾಗಿಲು ಹಾಕಿಕೊಂಡ ಮನೆಯ ಮಕ್ಕಳನ್ನು ಪಕ್ಕದವಳು ಕಂಡು ಕೇಳಿದರೆ ಒಂದು ಮುದ್ದೆ ದಾಟುತ್ತಿತ್ತು. ಹೇಳಿದವರು ಹಾಕಬೇಕು: ಇದು ಆ ಮಾತಿನ ಸಾಲ. "ಬಡವಾಗಿದ್ದೀಯ" ಎಂದು ಹೇಳಿ ಬಾಗಿಲು ಹಾಕಿಕೊಂಡವರನ್ನು ಊರು ಮೆಚ್ಚುತ್ತಿರಲಿಲ್ಲ.

ಪೆಸಿಫಿಕ್ ಸಾಗರದ ಫಿಜಿಯಲ್ಲಿ ಆ್ಯನ್ ಬೆಕರ್ ಎಂಬ ಸಂಶೋಧಕಿ ಹೆಚ್ಚು ಕಡಿಮೆ ಇದನ್ನೇ ಕಂಡರು. ಅಲ್ಲಿನ ಹಳ್ಳಿಗಳಲ್ಲಿ ಒಬ್ಬರ ಮೈ ಇಳಿದರೆ ಅದು ಅವರ ಸಂಗತಿ ಮಾತ್ರವಾಗಿರಲಿಲ್ಲ. ಅವರನ್ನು ನೋಡಿಕೊಳ್ಳಬೇಕಾದ ಕುಟುಂಬ, ನೆರೆಹೊರೆ ತಪ್ಪಿದೆ ಎಂಬುದರ ಗುರುತಾಗಿತ್ತು. ಹಾಗಾಗಿ ಮೈಯ ಬಗ್ಗೆ ಎಲ್ಲರೂ ಬಿಚ್ಚುಮನಸ್ಸಿನಿಂದ ಮಾತಾಡುತ್ತಿದ್ದರು. 1995ರಲ್ಲಿ ಆ ಭಾಗಕ್ಕೆ ಟೆಲಿವಿಷನ್ ಬಂತು. ಮೂರು ವರ್ಷಗಳ ನಂತರ ಬೆಕರ್ ಶಾಲೆಯ ಹುಡುಗಿಯರನ್ನು ಮತ್ತೆ ಕೇಳಿದಾಗ, ಸಣ್ಣಗಾಗಲು ಉಂಡದ್ದನ್ನು ಕಕ್ಕುವವರು ಅಲ್ಲೂ ಹುಟ್ಟಿಕೊಂಡಿದ್ದರು.

*

ಏರಿದ ಮೈಗೆ ಬೇರೆಯೇ ನಿಯಮ. ಅದಕ್ಕೆ ಕಣ್ಣು ಬೀಳುತ್ತದೆ. ಕೂಸು ಗುಂಡುಗುಂಡಗಿದ್ದರೆ ಕೆನ್ನೆಗೆ ಕಾಡಿಗೆಯ ದಿಷ್ಟಿ ಬೊಟ್ಟು ಇಡಬೇಕು. "ಎಷ್ಟು ಚೆನ್ನಾಗಿ ಬೆಳೆದೈತೆ" ಎಂದು ಬಾಯಿ ತಪ್ಪಿ ಬಂದರೆ, ಅಂದವಳೇ "ನನ್ನ ಕಣ್ಣೇ ತಾಕೀತು" ಎಂದು ಎರಡೂ ಕೈಯ ನೆಟಿಗೆ ಮುರಿಯಬೇಕು. ಸಂಜೆಗೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನೀವಳಿಸಿ ಒಲೆಗೆ ಹಾಕಬೇಕು. ಮೆಣಸಿನಕಾಯಿಗೆ ಘಾಟು ಬರದಿದ್ದರೆ ದಿಷ್ಟಿ ಗಟ್ಟಿ ಎಂದೇ ಲೆಕ್ಕ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳ ಮೈ ಎಷ್ಟು ತುಂಬಿದೆ ಎಂಬುದರ ಮೇಲೆ ತವರಿನ ಮಾನ ನಿಂತಿರುತ್ತಿತ್ತು. ಆದರೂ ಅದನ್ನು ಯಾರೂ ಎಣಿಸಿ ಆಡುತ್ತಿರಲಿಲ್ಲ. ನೋಡಿ ತಲೆದೂಗಿದರೆ ಸಾಕು.

ಕೈವಾರದಿಂದ ಶಿಡ್ಲಘಟ್ಟದ ಕಡೆ ಹೊರಟರೆ ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು. ಅಲ್ಲಿ ತೂಕ ಏರುವುದೇ ಬದುಕಾಗಿರುವ ಜೀವವೊಂದಿದೆ. ಮೊಟ್ಟೆಯೊಡೆದ ರೇಷ್ಮೆ ಹುಳು ಹೆಚ್ಚು ಕಡಿಮೆ 25 ದಿನದಲ್ಲಿ ಸುಮಾರು 10,000 ಪಟ್ಟು ತೂಗುವಷ್ಟು ಬೆಳೆಯುತ್ತದೆ. ನಡುವೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಕೂರುತ್ತದೆ. ಅದನ್ನು ರೈತರು 'ಜ್ವರ' ಎನ್ನುತ್ತಾರೆ. "ನಾಲ್ಕನೇ ಜ್ವರ ಎದ್ದೈತೆ" ಎಂದರೆ ಮನೆಮಂದಿಗೆಲ್ಲ ರಾತ್ರಿ ಹಗಲು ಸೊಪ್ಪು ಹಾಕುವ ಕೆಲಸ. ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರುವವರೆಗೆ ಹೊರಗಿನವರನ್ನು ಹುಳು ಮನೆಯೊಳಗೆ ಬಿಡುವುದಿಲ್ಲ. ಸೋಂಕು ತಗುಲುತ್ತದೆ ಎಂಬುದು ರೇಷ್ಮೆ ಇಲಾಖೆಯ ಕಾರಣ. ಹಳಬರು ಅದಕ್ಕೆ ಕಣ್ಣನ್ನೂ ಸೇರಿಸುತ್ತಾರೆ.

*

ಮನುಷ್ಯರು ತಕ್ಕಡಿ ಏರಿದ್ದು ಮೊದಲು ದೇವರ ಎದುರು. ಹಂಪಿಯಲ್ಲಿ ವಿಠಲನ ಗುಡಿಯ ಹಾದಿಯಲ್ಲಿ ನಿಂತಿರುವ ರಾಜತುಲಾಭಾರದ ಕಲ್ಲುಕಂಬಗಳ ನಡುವೆ ಅರಸರು ಚಿನ್ನಕ್ಕೆ ಸಮನಾಗಿ ತೂಗಿಸಿಕೊಂಡು ದಾನ ಮಾಡುತ್ತಿದ್ದರೆಂದು ಹೇಳುತ್ತಾರೆ. ಅಲ್ಲಿ ಭಾರವೆಂದರೆ ಪುಣ್ಯ. ಹರಕೆ ಹೊತ್ತ ರೈತ ಬೆಲ್ಲಕ್ಕೋ ತೆಂಗಿನಕಾಯಿಗೋ ಮಗುವನ್ನು ತೂಗಿಸಿದರೂ ಎಷ್ಟಾಯಿತು ಎಂದು ಬರೆದಿಟ್ಟುಕೊಳ್ಳಲಿಲ್ಲ.

ಬರೆದಿಡುವ ತೂಕವನ್ನು ತಂದದ್ದು ಕ್ಷಯ. 1915ರಲ್ಲಿ ಮದನಪಲ್ಲಿಯ ಹತ್ತಿರ ಆರೋಗ್ಯವರಂ ಸ್ಯಾನಿಟೋರಿಯಂ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಡೆನ್ಮಾರ್ಕಿನ ವೈದ್ಯ ಫ್ರಿಮೊಟ್ ಮೊಲರ್. ಗಡಿಯೀಚೆಯ ರೋಗಿಗಳಿಗೂ ಅದು ಹತ್ತಿರದ ಆಸರೆ. ಮದ್ದೇ ಇಲ್ಲದ ಆ ವರ್ಷಗಳಲ್ಲಿ ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆಗಳೇ ಚಿಕಿತ್ಸೆ. ರೋಗಿ ಗೆಲ್ಲುತ್ತಿದ್ದಾನೋ ಸೋಲುತ್ತಿದ್ದಾನೋ ಎಂದು ಹೇಳುತ್ತಿದ್ದ ದೊಡ್ಡ ಗುರುತು ತೂಕ. ಕ್ಷಯ ಎಂಬ ಹೆಸರೇ ಸವೆಯುವುದನ್ನು ಹೇಳುತ್ತದೆ. ದಕ್ಷನ ಶಾಪದಿಂದ ಚಂದ್ರನಿಗೆ ತಗುಲಿದ ರೋಗವೂ ಅದೇ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮನೆಯಲ್ಲಿದ್ದೇ ಮದ್ದು ತಿಂದರೂ ವಾಸಿಯಾಗುತ್ತದೆ ಎಂದು ಮದ್ರಾಸಿನ ಸಂಶೋಧನೆ ತೋರಿಸಿಕೊಟ್ಟದ್ದೂ ಅದೇ ವರ್ಷ.

ಆದರೆ ರೋಗದ ಭಯ ಮಾತಿನೊಳಗೆ ಉಳಿಯಿತು. ಸೊರಗಿದವನನ್ನು ನೋಡಿದ ಕೂಡಲೇ ಊರು ಹಸಿವಿಗೆ ಮೊದಲು ಕಾಯಿಲೆಯನ್ನು ನೆನೆಯತೊಡಗಿತು. 1985ರ ಹೊತ್ತಿಗೆ ಉಗಾಂಡದ ಹಳ್ಳಿಗಳಲ್ಲಿ ಏಡ್ಸ್‌ಗೆ 'ಸ್ಲಿಮ್' ಎಂದೇ ಹೆಸರು ಬಿದ್ದಿತ್ತು. 1990ರ ದಶಕದಲ್ಲಿ ಕರ್ನಾಟಕದಲ್ಲೂ ಲಾರಿಯವರೋ ಕೂಲಿಗೆ ದೂರ ಹೋದವರೋ ಇಳಿದು ಬಂದರೆ 'ಆ ಕಾಯಿಲೆ' ಎಂಬ ಪಿಸುಮಾತು ಹಬ್ಬುತ್ತಿತ್ತು. ಬರೀ ಜಾಂಡೀಸ್ ಬಂದು ಎದ್ದವನನ್ನೂ ಹೋಟೆಲಿನವನು ಬೇರೆ ಲೋಟದಲ್ಲಿ ಟೀ ಕೊಟ್ಟು ನೋಯಿಸುವ ಕಾಲ ಅದು. ಈಗ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಹಳೆಯ ಗೆಳೆಯ ಸಿಕ್ಕರೆ ಪ್ರಶ್ನೆ ಬದಲಾಗಿದೆ: "ಏನಣ್ಣಾ, ಇಷ್ಟೊಂದು ಇಳಿದೋಗಿದ್ದೀಯ, ಶುಗರ್ ಬಂತಾ?" ಕೇಳುವವನಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆದು, ಅನ್ನ ಬಿಟ್ಟು, ಕಷ್ಟಪಟ್ಟು ಐದು ಕಿಲೋ ಇಳಿಸಿದವನಿಗೆ ಆ ಮಾತು ನಾಲ್ಕು ಜನರೆದುರು ತಣ್ಣೀರು ಎರಚಿದಂತಿರುತ್ತದೆ.

*

ಹಳೆಯ ಕಟ್ಟಳೆ ತಲೆಕೆಳಗಾದದ್ದು ನಿಧಾನವಾಗಿ, ಹೊಟ್ಟೆ ತುಂಬುತ್ತ ಬಂದಂತೆ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ತಂದರು. ಒಣಸೀಮೆಯ ಹೊಲಗಳಲ್ಲೂ ಇಳುವರಿ ಏರಿತು. ಸೀಮೆ ಹಸು, ಡೇರಿ, ರೇಷ್ಮೆ ಸೇರಿ ಕೈಯಲ್ಲಿ ಕಾಸಾಡಿತು. 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿ ಕಿಲೋಗೆ ಒಂದು ರೂಪಾಯಿಯಾಯಿತು. ಸೋರೆಬುರುಡೆಯಂಥ ಹೊಟ್ಟೆಯ ಮಕ್ಕಳು ಊರಲ್ಲಿ ಕಡಿಮೆಯಾದದ್ದನ್ನು ಕಂಡವರಿಗೆ ಇವುಗಳ ಬೆಲೆ ಗೊತ್ತು.

ಹಳೆಯ ಭಯ ಮತ್ತು ಹೊಸ ತೂಕ ಎದುರುಬದುರಾದ ಜಾಗ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮಗುವನ್ನು ತಿಂಗಳಿಗೊಮ್ಮೆ ತೂಗಿ ಚಾರ್ಟಿನಲ್ಲಿ ಚುಕ್ಕಿ ಇಡಬೇಕು. ಹಸಿರಾದರೆ ಸರಿ, ಹಳದಿ ಕೇಸರಿಯಾದರೆ ಎಚ್ಚರ. ತೂಗಿದರೆ ದಿಷ್ಟಿ ಎಂದು ಹಿಂಜರಿದ ತಾಯಂದಿರನ್ನು ಟೀಚರಮ್ಮನೇ ಮನೆಮನೆಗೆ ಹೋಗಿ ಒಪ್ಪಿಸಬೇಕಾಯಿತು. ಎಲ್ಲರೆದುರು "ನಿನ್ನ ಮಗ ಕಮ್ಮಿ ಇದ್ದಾನೆ" ಎಂದರೆ ತಾಯಿ ಮುಂದಿನ ತಿಂಗಳು ಬರುವುದಿಲ್ಲ. ಚಾರ್ಟು ತೋರಿಸಿ, ಪಕ್ಕಕ್ಕೆ ಕರೆದು, ಮೊಟ್ಟೆ ಕೊಟ್ಟು ಹೇಳಿದರೆ ಬರುತ್ತಾಳೆ. ಹೇಳಿದವರು ಹಾಕಬೇಕು ಎಂಬ ಹಳ್ಳಿಯ ನಿಯಮ ಸರ್ಕಾರದ ಕೊಠಡಿಯೊಳಗೆ ಹೀಗೆ ಉಳಿದುಕೊಂಡಿದೆ.

ನಗರದಲ್ಲಿ ಮಾತು ತಿರುಗಿಬಿಟ್ಟಿತು. "ಸಣ್ಣ ಆಗಿದ್ದೀಯ" ಎಂಬುದು ಹೊಗಳಿಕೆಯಾಯಿತು. "ದಪ್ಪ ಆಗಿದ್ದೀಯ" ಎಂಬುದು ಬೈಗುಳಕ್ಕೆ ಸಮನಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 17ರಷ್ಟು ಜನ ತೀರ ತೆಳ್ಳಗಿದ್ದರೆ, ಸುಮಾರು ಶೇ 30ರಷ್ಟು ಜನರ ತೂಕ ಹೆಚ್ಚು. ಒಂದೇ ಬೀದಿಯಲ್ಲಿ ಎರಡೂ ಇವೆ, ಕೆಲವು ಕಡೆ ಒಂದೇ ಮನೆಯಲ್ಲಿ. ಹಾಗಾಗಿ ಅಕ್ಕರೆಯಿಂದ ಅಂದದ್ದು ಯಾವ ಕಿವಿಗೆ ಹೇಗೆ ಬೀಳುತ್ತದೆಂದು ಹೇಳಲಾಗದು. ಕ್ಯಾಲಿಫೋರ್ನಿಯದಿಂದ ರಜೆಗೆ ಬಂದ ಮೊಮ್ಮಗಳಿಗೆ ಅಜ್ಜಿ "ಮೈ ತುಂಬಿಕೊಂಡಿದ್ದೀಯ, ಈಗ ಲಕ್ಷಣವಾಗಿದ್ದೀಯ" ಎಂದರೆ ಅಜ್ಜಿಯ ನುಡಿಕೋಶದಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆಯಿಲ್ಲ. ಮೊಮ್ಮಗಳು ಆ ರಾತ್ರಿ ಊಟ ಬಿಡುತ್ತಾಳೆ.

ಮಾತಿನ ಜೊತೆಗಿದ್ದ ಸಾಲ ತೀರಿಹೋಗಿದೆ ಎಂಬುದೇ ಇಲ್ಲಿ ಹೆಚ್ಚು ನೋಯಿಸುವ ಸಂಗತಿ. ಹಿಂದೆ ಅಂದವರು ಉಣ್ಣಲು ಕರೆಯುತ್ತಿದ್ದರು. ಈಗ ಮದುವೆ ಛತ್ರದಲ್ಲಿ ಕೈತೊಳೆಯುವ ಜಾಗದಲ್ಲಿ ಒಂದು ಮಾತು ಬಿಸಾಕಿ, ಎಲೆಅಡಿಕೆ ತಟ್ಟೆಯ ಕಡೆ ತಿರುಗುತ್ತಾರೆ. ಕೇಳಿಸಿಕೊಂಡವರು ಅದನ್ನು ಮನೆಗೆ ಒಯ್ಯುತ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ 21 ವರ್ಷದ ಕಿರುತೆರೆ ನಟಿಯೊಬ್ಬಳು ಜೀವ ಕಳೆದುಕೊಂಡಳು. ತಂದೆತಾಯಿಗೆ ಹೇಳದೆ ಹೋಗಿದ್ದಳು ಎಂದು ಪತ್ರಿಕೆಗಳು ಬರೆದವು.

*

ಮೈಯನ್ನು ದಿನವೂ ಮುಟ್ಟಿ ಬಲ್ಲ ಕಸುಬಿನವರು ಮಾತ್ರ ಇನ್ನೂ ಹಳೆಯ ಮರ್ಯಾದೆಯಲ್ಲೇ ಇದ್ದಾರೆ. ಕೈವಾರದ ಜಾತ್ರೆಯಲ್ಲಿ ಬಳೆ ಅಂಗಡಿಗಳ ಸಾಲು ಈಗಲೂ ಕೂರುತ್ತದೆ. ಅಳತೆಗಳಿಗೆ ಇಂಚಿನ ಲೆಕ್ಕ ಬಂದು ದಶಕಗಳಾದವು. 'ಎರಡು ನಾಲ್ಕು' ಎಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಭಾಗ. ಹೆಂಗಸು "ಎರಡು ನಾಲ್ಕು ಕೊಡಿ" ಎನ್ನುತ್ತಾಳೆ. ಅಂಗಡಿಯವನು ಗೆಣ್ಣು ನೋಡಿ, ಏನೂ ಅನ್ನದೆ 'ಎರಡು ಆರ'ರ ಡಜನ್ ಬಿಚ್ಚುತ್ತಾನೆ. ಅವಳು ಹಠ ಹಿಡಿದರೆ ಸೋಪಿನ ನೀರು ಹಚ್ಚಿ ಎರಡು ನಾಲ್ಕನ್ನೇ ಏರಿಸಿ ಕೊಡುತ್ತಾನೆ.

ಚಿಂತಾಮಣಿಯ ಪೇಟೆಯಲ್ಲಿ ರವಿಕೆ ಹೊಲಿಯುವವರು ಒಳಗಡೆ ಎರಡು ಬೆರಳು ಬಟ್ಟೆ ಮಡಿಸಿ, ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಹೋದ ವರ್ಷದ ಹಬ್ಬದ ರವಿಕೆಯನ್ನು ಚೀಲದಿಂದ ತೆಗೆದು ಮುಂದಿಟ್ಟರೆ, ಅವರು ಹಾಕಿಕೊಳ್ಳುವವರ ಕಡೆ ನೋಡುವುದಿಲ್ಲ. ರವಿಕೆಯನ್ನು ತಿರುವಿ, ಬ್ಲೇಡು ಕೈಗೆತ್ತಿಕೊಂಡು ಕೇಳುತ್ತಾರೆ: "ಒಂದು ಹೊಲಿಗೆ ಬಿಚ್ಚಲಾ ಅಕ್ಕಾ, ಎರಡಾ?"